ಕಪ್ಪೆಯ ಅಂಡದಲ್ಲಿ ತಾಯಿಯ ಸಂದೇಶಗಳು

ಕೊಡಗಿನ ಬ್ರಹ್ಮಗಿರಿಯ ಜೌಗು ನೆಲದಲ್ಲಿ ದೊರೆತ ಇರುಳುಗಪ್ಪೆಯೊಂದನ್ನು 1920ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು, ಅದಕ್ಕೆ ಪವಿತ್ರ ಜೌಗಿನದೆಂಬ ಅರ್ಥ ಬರುವ ಲ್ಯಾಟಿನ್ ಹೆಸರಿಟ್ಟರು. ಅವರು ಬೆಳೆಸಿದ ಕಪ್ಪೆಗಳ ಅಧ್ಯಯನವನ್ನು ಮುಂದುವರಿಸಿದ ಎಲ್. ಎಸ್. ರಾಮಸ್ವಾಮಿ ಮತ್ತು ಎ. ಬಿ. ಲಕ್ಷ್ಮಣ್ ಅವರು, ಸಸ್ತನಿಗಳ ಹಾರ್ಮೋನುಗಳಿಂದ ಕಪ್ಪೆಯಲ್ಲಿ ಅಂಡೋತ್ಸರ್ಗವನ್ನು, ಅಂದರೆ ಅಂಡಾಶಯದಿಂದ ಅಂಡಗಳು ಹೊರಬೀಳುವುದನ್ನು, ಪ್ರಚೋದಿಸಬಹುದೆಂದು 1958ರಲ್ಲಿ ಪ್ರಕಟಿಸಿದರು. ಹಾರ್ಮೋನಿನ ಕರೆಗೆ ಅಂಡವು ತನ್ನೊಳಗೆ ಹೇಗೆ ಓಗೊಡುತ್ತದೆಂಬುದು ವಿಶದವಾಗಲು ಇನ್ನೂ ನಾಲ್ಕು ದಶಕಗಳು ಬೇಕಾದವು.

ಪತ್ತಾಯದಲ್ಲಿ ತುಂಬಿಟ್ಟ ಭತ್ತದಂತೆ, ಬೆಳೆದ ಅಂಡದಲ್ಲಿ ತಾಯಿಯ ಜೀನುಗಳಿಂದ ನಕಲಾದ ಸಂದೇಶವಾಹಕ ಆರ್‌ಎನ್‌ಎ ಮೊದಲೇ ದಾಸ್ತಾನಾಗಿರುತ್ತದೆ. ಆದರೆ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು ಅದರ ಬಹುಭಾಗವನ್ನು ಓದಗೊಡದೆ ಕಾಯುತ್ತವೆ. ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ತಾಗಿದ ಅಂಡದ ಕೋಶರಸವನ್ನು ತಾಗದ ಅಂಡಕ್ಕೆ ಚುಚ್ಚಿದರೆ ಅದೂ ಪಕ್ವವಾಗುತ್ತದೆಂದು ಮಸುಯಿ ಮತ್ತು ಮಾರ್ಕರ್ಟ್ 1971ರಲ್ಲಿ ತೋರಿಸಿದ್ದರಿಂದ, ಹಾರ್ಮೋನಿನ ಸಂಕೇತವು ಕೋಶರಸದಲ್ಲಿ ಏನನ್ನೋ ಬದಲಿಸುತ್ತದೆಂಬುದು ಖಚಿತವಾಯಿತು. ಹಾಗೆ ಬದಲಾಗುವವುಗಳಲ್ಲಿ ಒಂದು, ಹೇಕ್ ಮತ್ತು ರಿಕ್ಟರ್ 1994ರಲ್ಲಿ ಆಫ್ರಿಕಾದ ಕ್ಸೆನೋಪಸ್ ಕಪ್ಪೆಯಲ್ಲಿ ಗುರುತಿಸಿದ ಸಿಪಿಇಬಿ ಎಂಬ ಪ್ರೋಟೀನು.

ಆರ್‌ಎನ್‌ಎಯ ತುದಿಯಲ್ಲಿರುವ ಅಡಿನೀನುಗಳ ಬಾಲ ಗಿಡ್ಡಾಗಿದ್ದರೆ ಸಂದೇಶ ಮೂಕವಾಗಿಯೂ, ಉದ್ದವಾದರೆ ಪ್ರೋಟೀನು ತಯಾರಿಕೆಗೆ ಸಿದ್ಧವಾಗಿಯೂ ಇರುತ್ತದೆ. ಆರ್‌ಎನ್‌ಎಗೆ ಅಂಟಿಕೊಂಡ ಸಿಪಿಇಬಿಯ ಸುತ್ತ ಬಾಲ ಬೆಳೆಸುವ ಕಿಣ್ವವೊಂದು, ಅದನ್ನು ಕತ್ತರಿಸುವ ಕಿಣ್ವವೊಂದು ಒಟ್ಟಿಗೇ ನೆಲೆಸಿದ್ದು, ಕತ್ತರಿಯ ಕೈ ಮೇಲಾಗಿರುವುದರಿಂದ ಬಾಲ ಬೆಳೆಯುವುದಿಲ್ಲವೆಂದು 2006ರಲ್ಲಿ ಕಿಮ್ ಮತ್ತು ರಿಕ್ಟರ್ ವಿವರಿಸಿದರು. ಬೆಳೆಸುವವನನ್ನೂ ಕಡಿಯುವವನನ್ನೂ ಒಂದೇ ಜಗಲಿಯಲ್ಲಿ ಕೂರಿಸಿದ ಈ ವ್ಯವಸ್ಥೆ ಮೇಲ್ನೋಟಕ್ಕೆ ದುಂದೆನಿಸಿದರೂ, ಕರೆ ಬಂದೊಡನೆ ಕೆಲಸ ಆರಂಭಿಸಲು ಇದಕ್ಕಿಂತ ಚುರುಕಾದ ಉಪಾಯ ಕಷ್ಟ. ಪ್ರೊಜೆಸ್ಟಿರೋನಿನ ಸಂಕೇತವು ಕೈನೇಸ್‌ಗಳನ್ನು, ಅಂದರೆ ಪ್ರೋಟೀನಿಗೆ ಫಾಸ್ಫೇಟ್ ಕೂಡಿಸುವ ಕಿಣ್ವಗಳನ್ನು, ಎಚ್ಚರಿಸುತ್ತದೆ. ಅರೋರಾ ಎಂಬ ಕೈನೇಸ್ ಸಿಪಿಇಬಿಯ 174ನೆಯ ಸ್ಥಾನದ ಸೆರೀನಿಗೆ ಫಾಸ್ಫೇಟ್ ಕೂಡಿಸುತ್ತದೆಂದು ಮೆಂಡೆಜ್ ಮತ್ತು ಸಂಗಡಿಗರು 2000ದಲ್ಲೇ ವರದಿ ಮಾಡಿದ್ದರು. ಆ ಫಾಸ್ಫೇಟ್ ಸೇರಿದಾಗ ಕತ್ತರಿಸುವ ಕಿಣ್ವ ಹೊರಬಿದ್ದು, ಬಾಲ ಬೆಳೆದು, ಮಾಸ್ ಎಂಬ ಪ್ರೋಟೀನು ತಯಾರಾಗಿ, ಅಂಡವು ಪಕ್ವತೆಯತ್ತ ಸಾಗುತ್ತದೆ.

ಫಲಿತವಾದ ಮೇಲೂ ತಾಯಿಯ ದಾಸ್ತಾನು ಬೇಗ ಮುಗಿಯುವುದಿಲ್ಲ. ಕ್ಸೆನೋಪಸ್‌ನ ಭ್ರೂಣವು ಹನ್ನೆರಡು ಬಾರಿ ವಿಭಜಿಸಿ ಸುಮಾರು 4,000 ಕೋಶಗಳಾದ ನಂತರವೇ ತನ್ನ ಜೀನುಗಳಿಂದ ಹೊಸ ಸಂದೇಶಗಳನ್ನು ಹೇರಳವಾಗಿ ಬರೆಯತೊಡಗುತ್ತದೆಂದು ನ್ಯೂಪೋರ್ಟ್ ಮತ್ತು ಕಿರ್ಶ್ನರ್ 1982ರಲ್ಲಿ ತೋರಿಸಿದ್ದರು; ಅಲ್ಲಿಯವರೆಗೆ ಭ್ರೂಣದ ಬದುಕು ನಡೆಯುವುದು ತಾಯಿ ಬರೆದಿಟ್ಟ ಆರ್‌ಎನ್‌ಎಯಿಂದಲೇ.