ಹಂದಿಗೋಡು ಕಾಯಿಲೆ: ಮೂಳೆಯ ದೋಷವನ್ನು ಅರಿಯುವ ಬಗೆ
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಪರಿಸರವೆಂದೊಡನೆ ಕಾಡು, ನದಿ, ಗದ್ದೆಗಳನ್ನು ನೆನೆಯುವ ನಾವು ಆ ಗದ್ದೆಗಳಲ್ಲಿ ದುಡಿಯುವವರ ದೇಹದ ಬಗ್ಗೆ ಮಾತನಾಡುವುದು ಅಪರೂಪ. ಇಂದು ಆ ವಿಷಯವನ್ನೇ ಎತ್ತಿಕೊಳ್ಳುತ್ತೇನೆ.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಒಂದು ಕೀಲುರೋಗವು ವೈದ್ಯರ ಗಮನಕ್ಕೆ ಬಂದಿತು. ಸೊಂಟ, ಮೊಣಕಾಲುಗಳಲ್ಲಿ ತೀವ್ರ ನೋವು, ಕ್ರಮೇಣ ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಬ್ಜತೆ. ಬಾಧಿತರಲ್ಲಿ ಹೆಚ್ಚಿನವರು ದಲಿತ ಕೂಲಿಕಾರ ಕುಟುಂಬದವರು. ಕೀಟನಾಶಕ ಸೇರಿದ ಗದ್ದೆಯ ಏಡಿ, ಮೀನುಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಆಗ ಬಲವಾಗಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡವು ವಂಶಾವಳಿಗಳನ್ನೂ ಎಕ್ಸ್‌ರೇ ಚಿತ್ರಗಳನ್ನೂ ಪರಿಶೀಲಿಸಿ, ಇದು ಆನುವಂಶಿಕವಾದ ಮೂಳೆ ಬೆಳವಣಿಗೆಯ ದೋಷವೆಂದು 1990ರ ದಶಕದಲ್ಲಿ ವಿವರಿಸಿತು. ಕೃಷಿ ವಿಜ್ಞಾನಿಯಾಗಿ ಹೇಳುತ್ತೇನೆ: ಕೀಟನಾಶಕಗಳನ್ನು ವಿರೋಧಿಸಲು ನಮಗೆ ಬೇರೆ ಕಾರಣಗಳು ಧಾರಾಳವಾಗಿವೆ. ಈ ರೋಗವನ್ನೂ ಅದೇ ಲೆಕ್ಕಕ್ಕೆ ಬರೆದರೆ ಬಾಧಿತರಿಗೆ ದೊರೆಯಬೇಕಾದ ಸರಿಯಾದ ಪರೀಕ್ಷೆ ತಪ್ಪಿಹೋಗುತ್ತದೆ.

ಇದು ಪ್ರಬಲ ಗುಣವಾಗಿ ಹರಿದುಬರುವ ದೋಷ. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಸಾಕು. ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ದಾಟುವ ಸಂಭವ ಅರ್ಧದಷ್ಟು. ಗಂಡು, ಹೆಣ್ಣು ಎಂಬ ಭೇದ ಅದಕ್ಕಿಲ್ಲ. ಶಾಪವೆಂದು ಹೆದರುವುದಕ್ಕೂ ಸೊಸೆಯ ಕಾಲ್ಗುಣವೆಂದು ಹಳಿಯುವುದಕ್ಕೂ ಇಲ್ಲಿ ಆಧಾರವಿಲ್ಲ.

ಇದನ್ನು ಪತ್ತೆಹಚ್ಚುವುದು ಹೇಗೆ? ಹುಟ್ಟಿದಾಗ ಇಂಥ ಮಗು ಸಾಮಾನ್ಯವಾಗಿ ಇತರ ಮಕ್ಕಳಂತೆಯೇ ಕಾಣುತ್ತದೆ. ನೋವು, ಕುಂಟುವಿಕೆ ತೋರುವುದು ವರ್ಷಗಳ ನಂತರ. ಆದ್ದರಿಂದ ಬಾಧಿತ ಕುಟುಂಬದ ಮಕ್ಕಳ ಎತ್ತರವನ್ನು ಅಂಗನವಾಡಿಯಿಂದಲೇ ಅಳೆದು ಬರೆದಿಡಬೇಕು. ಸಂಶಯ ಬಂದರೆ ಸೊಂಟ, ಬೆನ್ನು, ಮೊಣಕಾಲುಗಳ ಎಕ್ಸ್‌ರೇ ತೆಗೆಸಿ ಮೂಳೆಯ ತುದಿಗಳ ಆಕಾರವನ್ನು ತಜ್ಞರಿಗೆ ತೋರಿಸಬೇಕು. ರಕ್ತದಿಂದ ಮಾಡುವ ವಂಶವಾಹಿ ಪರೀಕ್ಷೆ ಆನಂತರದ ಹೆಜ್ಜೆ.

ಹುಟ್ಟುವ ಮುನ್ನ ತಿಳಿಯಬಹುದೆ? ಮೂಳೆಯ ತೀವ್ರ ದೋಷಗಳು ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ, ತೊಡೆಮೂಳೆಯ ಅಳತೆಯಿಂದ, ಹಲವು ವೇಳೆ ಗೋಚರಿಸುತ್ತವೆ. ಎಲ್ಲವೂ ಅಲ್ಲ. ಕುಬ್ಜತೆಗೆ ಅತಿ ಸಾಮಾನ್ಯ ಕಾರಣವಾದ ಅಕಾಂಡ್ರೋಪ್ಲಾಸಿಯಾ ಎಂಬ ದೋಷವೇ ಆ ಹೊತ್ತಿಗೆ ಕಣ್ಣಿಗೆ ಬೀಳದೆ ಹೋಗಬಹುದು. ನಿಧಾನವಾಗಿ ಪ್ರಕಟವಾಗುವ ಹಂದಿಗೋಡಿನಂಥ ಕಾಯಿಲೆಯಲ್ಲಿ ಸ್ಕ್ಯಾನಿಂಗ್ ಸರಿಯಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಸುಮಾರು 11ನೆಯ ವಾರದಿಂದ ಮಾಸಿನ ಚೂರನ್ನೋ, 15ನೆಯ ವಾರದ ನಂತರ ಗರ್ಭಜಲವನ್ನೋ ತೆಗೆದು ಪರೀಕ್ಷಿಸುವ ಕ್ರಮವುಂಟು. ಆದರೆ ಆ ಕುಟುಂಬದಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂಬುದು ಮೊದಲೇ ತಿಳಿದಿದ್ದರೆ ಮಾತ್ರ ಅದರಿಂದ ಖಚಿತ ಉತ್ತರ ದೊರೆಯುತ್ತದೆ. ಅಂದರೆ, ಹುಟ್ಟಲಿರುವ ಮಗುವಿನ ಪರೀಕ್ಷೆಯು ಬದುಕಿರುವ ಅಜ್ಜ, ತಾಯಿ, ಅಣ್ಣನ ಪರೀಕ್ಷೆಯಿಂದಲೇ ಆರಂಭವಾಗಬೇಕು. ಅದೂ ಗರ್ಭ ನಿಲ್ಲುವುದಕ್ಕೆ ಮುಂಚೆ. ಮಣಿಪಾಲದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯಕೀಯ ತಳಿಶಾಸ್ತ್ರದ ತಜ್ಞರಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. 1994ರ ಕಾಯಿದೆಯು ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸಿದೆ. ಆನುವಂಶಿಕ ರೋಗದ ಪರೀಕ್ಷೆಗೆ ಅವಕಾಶವಿತ್ತಿದೆ. ಅದಕ್ಕೆ ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಆಕೆಯ ಲಿಖಿತ ಒಪ್ಪಿಗೆ ಬೇಕು. ಪರೀಕ್ಷೆ ಬೇಕೆನ್ನುವುದೂ ಬೇಡವೆನ್ನುವುದೂ ಆಕೆಯ ಹಕ್ಕು. ಊರಿನವರಾಗಲಿ, ಸಂಘಟನೆಯಾಗಲಿ ಒತ್ತಾಯಿಸುವಂತಿಲ್ಲ. ಬಾಗಿದ ಕಾಲುಗಳಲ್ಲಿಯೇ ನಾಟಿ ಮಾಡಿ ಮಕ್ಕಳನ್ನು ಸಾಕಿದವರು ನಮ್ಮ ನಡುವೆ ಇದ್ದಾರೆ. ಅಂಥ ಬದುಕು ಹುಟ್ಟಲೇಬಾರದಿತ್ತು ಎಂಬ ತೀರ್ಪು ನೀಡಲು ನಾವು ಯಾರು? ಅವರಿಗೆ ಬೇಕಾದದ್ದು ನೋವಿಗೆ ಔಷಧಿ, ಅಗತ್ಯವಿದ್ದವರಿಗೆ ಕೀಲು ಬದಲಾವಣೆಯ ಶಸ್ತ್ರಕ್ರಿಯೆ, ಪಿಂಚಣಿ, ಕುಳಿತು ಮಾಡುವಂಥ ಕೆಲಸ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬಾಧಿತ ಮನೆಯವರು ಒಪ್ಪಿದರೆ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಲು ನೆರವಾಗಿರಿ. ಬರೆದ ಹಾಳೆಯನ್ನು ಆ ಮನೆಯವರ ಕೈಯಲ್ಲಿಯೇ ಬಿಟ್ಟುಬನ್ನಿರಿ. ಅದು ಅವರ ಸ್ವತ್ತು. ತಳಿವೈದ್ಯರ ಮುಂದೆ ಅವರು ಮೊದಲು ಬಿಚ್ಚಬೇಕಾದ ದಾಖಲೆಯೂ ಅದೇ.