“ಗಂಡ” ಎಂಬ ಬಿರುದಿನ ತಾತ್ಪರ್ಯ



ಪ್ರಾಚೀನ ಶಾಸನಗಳಲ್ಲಿ ಅರಸನ ಹೆಸರಿಗೆ ಮುನ್ನ ಬಿರುದುಗಳ ಸಾಲು ಬರುವುದು ರೂಢಿ. ಅವುಗಳಲ್ಲಿ “ಗಂಡ” ಎಂಬ ನುಡಿಯು ಮತ್ತೆ ಮತ್ತೆ ಕಾಣುವುದು. ಹೊಯ್ಸಳರು “ಮಲೆಪರೊಳ್ ಗಂಡ”ರು, ಅಂದರೆ ಮಲೆಯ ಒಡೆಯರಲ್ಲಿ ಶೂರರು. ವಿಜಯನಗರದ ಅರಸರು “ಮೂರುರಾಯರ ಗಂಡ”ರು. ಗಂಡನೆಂದರೆ ಗಂಡಸು, ಶೂರ, ಪತಿ ಎಂಬ ಮೂರರ್ಥಗಳೂ ಉಂಟಷ್ಟೆ. ಅನ್ಯರಾಯರಿಗೆ ತಾನು ಗಂಡನೆಂದವನು ಅವರನ್ನು ಹೆಂಗಸರ ಸ್ಥಾನದಲ್ಲಿರಿಸಿ ಹಳಿದಂತೆಯೇ ಆಯಿತು.

ಅಕ್ಷರವರಿಯದ ಪ್ರಜೆಗೆ ಈ ಪೌರುಷವನ್ನು ಸಾರಿದುದು ಶಿಲ್ಪ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ್ದು. ಕ್ರೂರಮೃಗವನ್ನು ಇರಿಯುತ್ತಿರುವ ಸಳನ ಮೂರ್ತಿಯೇ ಆ ವಂಶದ ಲಾಂಛನ. ನೋಡಿದವರಿಗೆ ಅರಸನೆಂದರೆ ತೋಳ್ಬಲವೆಂದೇ ತೋರುವುದು.

ಆದರೆ ಬಿರುದುಗಳನ್ನು ಪೂರ್ತಿಯಾಗಿ ಓದಬೇಕು. ಇದೇ ಸೀಮೆಯ ಬಳ್ಳಿಗಾವೆಯಲ್ಲಿ ಕಲ್ಯಾಣದ ಚಾಲುಕ್ಯರ ಶಾಸನಗಳುಂಟು. ಅವರ ಬಿರುದಾವಳಿಯಲ್ಲಿ ಭೂಮಿಗೆ ಪತಿಯೆಂಬ “ಪೃಥ್ವೀವಲ್ಲಭ”ಕ್ಕಿಂತ ಮೊದಲು ನಿಲ್ಲುವುದು “ಸಮಸ್ತಭುವನಾಶ್ರಯ”. ಲೋಕಕ್ಕೆ ಆಶ್ರಯವಾದ ಮೇಲೆಯೇ ಒಡೆತನ! ಹರಿಹರ ಬುಕ್ಕರಿಗೂ “ಭಾಷೆಗೆ ತಪ್ಪುವ ರಾಯರ ಗಂಡ” ಎಂಬ ಬಿರುದಿತ್ತು. ಅಲ್ಲಿ ಗಂಡುತನದ ಒರೆಗಲ್ಲು ಕತ್ತಿಯಲ್ಲ, ಕೊಟ್ಟ ಮಾತು.

ಈ ಒರೆಗಲ್ಲಿಗೆ ಕೆಳದಿಯ ವೀರಶೈವ ಅರಸರನ್ನು ಹಚ್ಚಿ ನೋಡೋಣ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಮಹಾಶೂರನಾದರೂ ಮಲೆನಾಡಿನ ರೈತನ ಬಾಯಲ್ಲಿ ಉಳಿದುದು ಅವನ “ಶಿಸ್ತು”, ಅಂದರೆ ಭೂಮಿಯ ಗುಣವನ್ನರಿತು ಗೊತ್ತುಮಾಡಿದ ಕಂದಾಯದ ಕಟ್ಟಳೆ.

ಇನ್ನು ಚೆನ್ನಮ್ಮಾಜಿ. ಪತಿ ಸೋಮಶೇಖರನಾಯಕನ ತರುವಾಯ ರಾಜ್ಯಭಾರವನ್ನು ಹೊತ್ತವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಗೆ ತಪ್ಪಿಸಿಕೊಂಡು ಬಂದು ಮರೆಹೊಕ್ಕನು. ಆಶ್ರಯ ಕೊಟ್ಟರೆ ಔರಂಗಜೇಬನ ದಂಡು ಏರಿಬರುವುದು. ಕೊಡದಿದ್ದರೆ ಧರ್ಮ ಕೆಡುವುದು. ಆಕೆ ಆಶ್ರಯವನ್ನಿತ್ತಳು. ದಂಡು ಬಂದಿತು, ಆಕೆ ಎದುರಿಸಿ ನಿಂತಳು. ರಾಜಾರಾಮನು ಕ್ಷೇಮವಾಗಿ ಜಿಂಜಿಯನ್ನು ಸೇರಿದನು.

ಹಾಗಾದರೆ “ಸಮಸ್ತಭುವನಾಶ್ರಯ”ವೆಂಬ ಬಿರುದು ಯಾರಿಗೆ ಸಲ್ಲತಕ್ಕದ್ದು? ಮೀಸೆಗೋ, ಮರೆಹೊಕ್ಕವನನ್ನು ಕಾದ ಕೈಗೋ? ಹೆಣ್ಣೆಂದು ಹಳಿಯುವುದು ಹಗೆಗೆ ಅವಮಾನವೆಂದು ಬಗೆದ ಬಿರುದುಗಳೆಲ್ಲವನ್ನೂ ಈ ಒಬ್ಬ ತಾಯಿಯ ನಡೆ ಸುಳ್ಳುಮಾಡಿತು.

ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಯನ್ನು ನೋಡಹೋಗುವ ತಂದೆತಾಯಿಗಳು ಮಕ್ಕಳಿಗೆ ಯುದ್ಧದ ಕಥೆಗಳನ್ನು ಹೇಳಲಿ. ಜೊತೆಗೆ ಶಿಸ್ತಿನ ಕಥೆಯನ್ನೂ ಚೆನ್ನಮ್ಮಾಜಿಯ ಕಥೆಯನ್ನೂ ತಪ್ಪದೆ ಹೇಳಲಿ. ಬಲವುಳ್ಳವನು ಯಾರನ್ನು ಕಾದನೆಂದು ಕೇಳುವ ಅಭ್ಯಾಸವು ಎಳೆಯರಿಗೆ ಬರಲಿ.