ಪರರ ಹೆಸರು, ನಮ್ಮ ಪ್ರಕಟಣೆ

ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಕುಕ್ಕರು ಕೂಗುವುದನ್ನೇ ಮರೆಯುತ್ತದೆ. ಆಗ ನಾವು ಅಂಗಡಿಗೆ ಹೋಗಿ, “ನಮ್ಮದು ಇಂಥ ಕಂಪನಿಯ ಕುಕ್ಕರು, ಅದಕ್ಕೆ ಹೊಂದುವ ಗ್ಯಾಸ್ಕೆಟ್ ಕೊಡಿ” ಎನ್ನುತ್ತೇವೆ. ಕುಕ್ಕರು ಮಾಡಿದವರು ಒಬ್ಬರು. ಗ್ಯಾಸ್ಕೆಟ್ ಮಾಡಿದವರು ಇನ್ನೊಬ್ಬರಿರಬಹುದು. ಹಾಗಾದರೆ ಗ್ಯಾಸ್ಕೆಟ್ ಮಾಡುವವರು ಪತ್ರಿಕೆಗಳಿಗೆ ಪ್ರಕಟಣೆ ಕಳಿಸುವಾಗ ಆ ಕುಕ್ಕರಿನ ಹೆಸರೆತ್ತಬಹುದೆ?

ಎತ್ತಬಹುದು, ಆದರೆ ಅದಕ್ಕೊಂದು ಮಿತಿಯುಂಟು. 1999ರ ನಮ್ಮ ವ್ಯಾಪಾರ ಚಿಹ್ನೆಗಳ ಕಾಯಿದೆಯ 30ನೆಯ ಪ್ರಕರಣ ಈ ಮಿತಿಯನ್ನು ಹಾಕಿದೆ. ಬಿಡಿಭಾಗವು ಯಾವುದಕ್ಕೆ ಹೊಂದುತ್ತದೆಂದು ತಿಳಿಸಲು ಪರರ ಹೆಸರು ನಿಜಕ್ಕೂ ಅಗತ್ಯವಾಗಿರಬೇಕು. ಇಲ್ಲದ ಸಂಬಂಧ ಇದೆಯೆಂಬ ಭ್ರಮೆಯನ್ನು ಅದು ಹುಟ್ಟಿಸಕೂಡದು.

ಇಂಥದೇ ಒಂದು ಮೊಕದ್ದಮೆಯನ್ನು 2012ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. ಬೇರೊಬ್ಬರು ಮಾಡಿದ ಗ್ಯಾಸ್ಕೆಟಿನ ಪೊಟ್ಟಣದ ಮೇಲೆ ‘ಹಾಕಿನ್ಸ್ ಕುಕ್ಕರಿಗೆ ಹೊಂದುತ್ತದೆ’ ಎಂಬ ಅರ್ಥದ ಮಾತಿತ್ತು. ಹಾಕಿನ್ಸ್ ಎಂಬುದು ಮಾತ್ರ ಕೆಂಪಕ್ಷರ, ಉಳಿದುದು ಕಪ್ಪು. ಆ ಗ್ಯಾಸ್ಕೆಟ್ ಇತರ ಕುಕ್ಕರುಗಳಿಗೂ ಹೊಂದುವಂಥದು. ಆದುದರಿಂದ ಈ ಹೆಸರು ಅಗತ್ಯವಿರಲಿಲ್ಲವೆಂದು ನ್ಯಾಯಾಲಯ ಹೇಳಿತು. ತೀರ್ಪು ಕುಕ್ಕರಿನವರ ಪರವಾಯಿತು. ನೋಡಿ, ಅಕ್ಷರದ ಬಣ್ಣ ಕೂಡ ಸಾಕ್ಷಿ ಹೇಳುತ್ತದೆ!

ಪ್ರಕಟಣೆ ಬರೆಯುವವರಿಗೆ ಇದರಲ್ಲಿ ಪಾಠವಿದೆ. ತಲೆಬರಹದಲ್ಲಿ ನಿಮ್ಮ ಹೆಸರಿರಲಿ. ಪರರ ಹೆಸರು ಒಳಗೆ, ಬೇಕಾದಷ್ಟೇ ಸಲ, ಅವರು ಬರೆಯುವ ರೀತಿಯಲ್ಲೇ, ಸಾದಾ ಅಕ್ಷರದಲ್ಲಿ ಬರಲಿ. ಅವರ ಲಾಂಛನವನ್ನು ತೆಗೆದು ಅಚ್ಚುಹಾಕಬೇಡಿ. ಸಂಬಂಧವಿಲ್ಲವಾದರೆ ಇಲ್ಲವೆಂದು ಒಂದು ಸಾಲಿನಲ್ಲಿ ಹೇಳಿಬಿಡಿ. ನಿಜವಾಗಿಯೇ ಒಪ್ಪಂದವಾಗಿದ್ದರೆ, ಬರಹವನ್ನು ಮೊದಲು ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಹೋಲಿಸಿ ಹೇಳುವುದಾದರೆ, ರುಜುವಾತು ಮಾಡಬಲ್ಲದ್ದನ್ನು ಮಾತ್ರ ಹೇಳಿ. ಪರರ ಸರಕನ್ನು ಹಳಿಯಬೇಡಿ.

ಇನ್ನೊಂದು ಮಾತು. ಯಾವ ಯಂತ್ರದಿಂದ ನಕಲು ತೆಗೆದರೂ ನಾವು ‘ಜೆರಾಕ್ಸ್’ ಎನ್ನುತ್ತೇವೆ. ಅದು ಒಂದು ಕಂಪನಿಯ ಹೆಸರು. ಮನೆಮಾತಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಪ್ರಕಟಣೆಯಲ್ಲಿ ಬೇರೆ ಕಂಪನಿಯ ಯಂತ್ರವನ್ನು ಹಾಗೆ ಕರೆಯುವುದು ಸಲ್ಲದು.

ಇವೆಲ್ಲ ದೊಡ್ಡ ಕಂಪನಿಗಳ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಗೃಹಿಣಿ ಹೆಸರನ್ನು ನಂಬಿ ಹಣ ಕೊಡುತ್ತಾಳೆ. ಗ್ಯಾಸ್ಕೆಟ್ ಕೆಟ್ಟರೆ ಅವಳು ದೂರುವುದು ಪೊಟ್ಟಣದಲ್ಲಿ ಎದ್ದು ಕಂಡ ಹೆಸರನ್ನೇ. ಅದನ್ನು ಚೆನ್ನಾಗಿ ಮಾಡಿದ್ದರೂ ಅಷ್ಟೆ: ಹೊಗಳಿಕೆಯೆಲ್ಲ ಆ ಹೆಸರಿಗೇ, ದುಡಿದ ಸಣ್ಣ ಕಾರ್ಖಾನೆಗೆ ಏನೂ ಇಲ್ಲ. ಪರರ ಹೆಸರನ್ನು ದಾರಿ ತೋರಿಸಲು ಬಳಸೋಣ. ಬಾಗಿಲ ಮೇಲಿನ ಫಲಕ ಮಾತ್ರ ನಮ್ಮದೇ ಇರಲಿ.